ಕೈಸರನ ತಲೆ, ಕನ್ನಡ ನಾಡಿನ ಮಣ್ಣು

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಫರಿಸಾಯರೂ ಹೆರೋದಿಯರೂ ತೆರಿಗೆಯ ಪ್ರಶ್ನೆಯನ್ನೊಡ್ಡಿದಾಗ, ಕರ್ತನು ಉತ್ತರಕ್ಕೆ ಮೊದಲು ನಾಣ್ಯವೊಂದನ್ನು ತರಿಸಿದನು. ಬೋಧಿಸುವಾಗ ನಾವು ಉತ್ತರಕ್ಕೆ ಧಾವಿಸುತ್ತೇವೆ, ನಾಣ್ಯವನ್ನು ನೋಡುವುದಿಲ್ಲ. ಆದರೆ ಆ ನಾಣ್ಯವೂ ಒಂದು ಬೋಧನೆಯನ್ನು ಮಾಡುತ್ತಿತ್ತು.

ಅದು ತಿಬೇರಿಯ ಕೈಸರನ ದೆನಾರಿಯವೆಂಬುದು ವಾಡಿಕೆಯ ಅಭಿಪ್ರಾಯ. ಯೂದಾಯದಲ್ಲಿ ಆಗ ದೆನಾರಿಯಗಳು ಹೇರಳವಾಗಿರಲಿಲ್ಲವೆಂದು ಆಕ್ಷೇಪಿಸುವವರೂ ಉಂಟು. ಆದರೂ ಮಾರ್ಕನು ಬಳಸಿದ ಪದ ಅದೇ. ಸುಮಾರು 3.8 ಗ್ರಾಂ ಬೆಳ್ಳಿ; ಮತ್ತಾಯ 20ರ ದ್ರಾಕ್ಷೇತೋಟದ ಆಳಿಗೆ ಒಂದು ದಿನದ ಕೂಲಿ. ಒಂದು ಮುಖದಲ್ಲಿ ಎಲೆಮಾಲೆ ಧರಿಸಿದ ತಿಬೇರಿಯನ ತಲೆ, ಸುತ್ತಲೂ 'ದೈವತ್ವಕ್ಕೇರಿದ ಔಗುಸ್ತನ ಮಗ' ಎಂಬ ಲತೀನ್ ಬರಹ. ಇನ್ನೊಂದರಲ್ಲಿ ರಾಜದಂಡವನ್ನೂ ಕೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀ, ಜೊತೆಗೆ 'ಮಹಾಯಾಜಕ' ಎಂಬ ಕೈಸರನ ಬಿರುದು. ಹೆಸರಿಲ್ಲದ ಆ ಸ್ತ್ರೀಯನ್ನು ಶಾಂತಿದೇವಿಯ ರೂಪ ತಳೆದ ರಾಜಮಾತೆ ಲಿವಿಯಳೆಂದು ಹಲವರು ಗುರುತಿಸುತ್ತಾರೆ. ದೇವಪುತ್ರತ್ವ, ಯಾಜಕತ್ವ, ಶಾಂತಿ: ಸಭೆಯು ಕ್ರಿಸ್ತನಲ್ಲಿ ಅರಿಕೆಮಾಡುವುದನ್ನೇ ಅಂಗೈಯಗಲವೂ ಇಲ್ಲದ ಬೆಳ್ಳಿಯು ಕೈಸರನಿಗೆ ಸಲ್ಲಿಸುತ್ತಿತ್ತು. ಅದನ್ನು ದೇವಾಲಯದಲ್ಲಿ ಹೊರತೆಗೆದು ತೋರಿಸಿದವರಾದರೋ ಪ್ರಶ್ನೆ ಕೇಳಿದವರೇ.

ಈ ಬಗೆಯ ನಾಣ್ಯಗಳು ನಮ್ಮ ನಾಡಿಗೂ ಬಂದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ಎಚ್‌ಎಎಲ್ ಪ್ರದೇಶದಲ್ಲಿ 1965ರಲ್ಲಿ 256 ದೆನಾರಿಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ರೋಮನ್ ಬೆಳ್ಳಿ ಕಂಡಿತು. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಎರಡೇ ಮಾದರಿ: ಮೇಲೆ ಹೇಳಿದ ತಿಬೇರಿಯನದು, ಮತ್ತು ಔಗುಸ್ತನದು. ಔಗುಸ್ತನ ನಾಣ್ಯದಲ್ಲಿ ಅವನ ದತ್ತುಪುತ್ರರಾದ ಗಾಯನೂ ಲೂಕಿಯನೂ ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಸಿಂಹಾಸನಕ್ಕೆ ವಾರಸುದಾರರು ಸಿದ್ಧರಿದ್ದಾರೆಂಬುದು ಅದರ ಘೋಷಣೆ. ಕ್ರಿ.ಶ. 4ರೊಳಗೆ ಇಬ್ಬರೂ ತೀರಿಕೊಂಡರು. ನಾಣ್ಯ ಮಾತ್ರ ಸಮುದ್ರ ದಾಟಿ ಸಂಚರಿಸುತ್ತಲೇ ಇತ್ತು.

ಇಲ್ಲಿ ಅದನ್ನು ಕೊಂಡವನಿಗೆ ಗಾಯನಾರು, ಲೂಕಿಯನಾರು? ಅವನು ನೋಡಿದ್ದು ಬೆಳ್ಳಿಯ ಶುದ್ಧತೆಯನ್ನು. ನೀರೋ 64ರಲ್ಲಿ ಬೆಳ್ಳಿಯನ್ನು ಕುಗ್ಗಿಸಿದ ಮೇಲೆ ಹಳೆಯ ನಾಣ್ಯಗಳಿಗೇ ಇಲ್ಲಿ ಮನ್ನಣೆಯಿದ್ದುದು ಇದರಿಂದಲೇ ಎಂದು ತೋರುತ್ತದೆ. 1898ರಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಂತೂ ಬಹುಪಾಲಿನವುಗಳ ಮೇಲೆ ಕೈಸರನ ಮುಖಕ್ಕೇ ಉಳಿಯ ಗೀರು ಬಿದ್ದಿದೆ. ಯೆರೂಸಲೇಮಿನಲ್ಲಿ ತೆರಿಗೆಯನ್ನು ಬೇಡುತ್ತಿದ್ದ ಮುಖ ಇಲ್ಲಿ ಬರಿಯ ಲೋಹ. ಮುದ್ರೆಯ ಅಧಿಕಾರವು ಅದನ್ನು ಒಪ್ಪುವವರ ಎಲ್ಲೆಯವರೆಗೆ ಮಾತ್ರ. ಕೈಸರನದು ಇಷ್ಟೇ ಎಂದು ಕರ್ತನು ಅಳೆದುಕೊಟ್ಟಿದ್ದನ್ನು ನಾನು ಹೀಗೆ ಓದುತ್ತೇನೆ. ನಾಣ್ಯದ ಮೇಲೆ ಕೈಸರನ ರೂಪವಿದ್ದರೆ ಮನುಷ್ಯನ ಮೇಲೆ ದೇವರ ರೂಪವಿದೆಯೆಂದು ತೆರ್ತುಲಿಯನನು ಮಾಡಿದ ವ್ಯಾಖ್ಯಾನವೂ ಇದಕ್ಕೆ ದೂರವಲ್ಲ.

ಕರ್ಜಗಿಯ ಕಡೆಯ ಸಭೆಗಳಲ್ಲಿ ಈ ವಾಕ್ಯಭಾಗವನ್ನು ಬೋಧಿಸುವವರಿಗೆ ಇನ್ನೂ ಹತ್ತಿರದ ಸಾಕ್ಷಿಯೊಂದಿದೆ. ಅದೇ ಹಾವೇರಿ ಜಿಲ್ಲೆಯ, ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ಐದು, ಆರನೆಯ ಶತಮಾನಗಳ ರೋಮನ್ ಚಿನ್ನದ ನಾಣ್ಯಗಳು ದೊರೆತಿವೆ. ಅಷ್ಟು ಹೊತ್ತಿಗೆ ಕೈಸರನೇ ಕ್ರೈಸ್ತನಾಗಿದ್ದನು. ಆ ಕಾಲದ ರೋಮನ್ ಚಿನ್ನದಲ್ಲಿ ಒಂದು ಕಡೆ ಕವಚಧಾರಿಯಾದ ಸಾಮ್ರಾಟ, ಇನ್ನೊಂದು ಕಡೆ ಉದ್ದನೆಯ ಶಿಲುಬೆಯನ್ನು ಹಿಡಿದು ನಿಂತ ವಿಜಯದೇವತೆ. ದೆನಾರಿಯವನ್ನು ಮುಂದಿಟ್ಟು ಕೇಳಿದ ಪ್ರಶ್ನೆಯನ್ನು ಈ ನಾಣ್ಯವನ್ನು ಮುಂದಿಟ್ಟು ಕೇಳುವುದು ಹೆಚ್ಚು ಕಷ್ಟ.