ಕೆಮ್ಮುವ ಬೆಕ್ಕಿಗೆ ಎಣ್ಣೆ ಕುಡಿಸಬೇಡಿ

ಬೆಕ್ಕು ನೆಲಕ್ಕೆ ಮೈ ತಗ್ಗಿಸಿ, ಕುತ್ತಿಗೆ ಚಾಚಿ ಕೆಮ್ಮಿತೋ ಇಲ್ಲವೋ, ‘ಗಂಟಲಲ್ಲಿ ಕೂದಲು ಸಿಕ್ಕಿದೆ, ಒಂದು ಚಮಚ ಎಣ್ಣೆ ಕುಡಿಸಿ’ ಎನ್ನುವ ಸಲಹೆ ಸಿದ್ಧ. ಬೆಕ್ಕು ಸಾಕುವವರಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ, ಇಷ್ಟು ಸಿಟ್ಟು ತರಿಸುವ ನಂಬಿಕೆ ಇನ್ನೊಂದಿಲ್ಲ. ಮೈ ನೆಕ್ಕುವಾಗ ನುಂಗಿದ ಕೂದಲು ಸೇರುವುದು ಹೊಟ್ಟೆಗೆ, ಉಂಡೆಗಟ್ಟಿದರೆ ಹೊರಬರುವುದು ವಾಂತಿಯಲ್ಲಿ. ವಾರಗಟ್ಟಲೆ ಕೆಮ್ಮಿದರೂ ಕೂದಲಿನ ಒಂದು ಉಂಡೆಯೂ ಬೀಳದಿದ್ದರೆ ನೋಡಬೇಕಾದದ್ದು ಶ್ವಾಸಕೋಶವನ್ನು.

ಅಲ್ಲಿ ಆಸ್ತಮಾ ಇರಬಹುದು, ಹುಳುವೂ ಇರಬಹುದು. ಏಲ್ಯುರೋಸ್ಟ್ರಾಂಜೈಲಸ್ ಎಂಬ ಹುಳು ಶ್ವಾಸನಾಳದ ತುದಿಗವಲುಗಳಲ್ಲಿ ಬೀಡುಬಿಟ್ಟು ಅಲ್ಲೇ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿಗಳು ಕಫದೊಂದಿಗೆ ಗಂಟಲಿಗೇರುತ್ತವೆ. ಬೆಕ್ಕು ನುಂಗಿದಾಗ ಕರುಳು ಹಾದು ಮಲದಲ್ಲಿ ಹೊರಬೀಳುತ್ತವೆ. ಮುಂದೆ ಬಸವನಹುಳುವಿನ ಮೈಹೊಕ್ಕು ಬೆಳೆಯುತ್ತವೆ. ಆ ಬಸವನಹುಳುವನ್ನು ತಿಂದ ಇಲಿಯೋ ಹಕ್ಕಿಯೋ ಹಲ್ಲಿಯೋ ಬೆಕ್ಕಿನ ಬಾಯಿಗೆ ಸಿಕ್ಕರೆ, ಐದಾರು ವಾರದಲ್ಲಿ ಮಲದಲ್ಲಿ ಮತ್ತೆ ಮರಿಗಳು. ಇದರಲ್ಲಿ ಎಣ್ಣೆ ಮಾಡುವುದೇನು? ಕೆಮ್ಮುತ್ತಿರುವ ಜೀವಿಯ ಬಾಯಿಗೆ ಬಲವಂತವಾಗಿ ಸುರಿದ ಎಣ್ಣೆ ಶ್ವಾಸನಾಳಕ್ಕಿಳಿದರೆ ನ್ಯುಮೋನಿಯಾ ಬೇರೆ ಬರಬಹುದು.

‘ನಮ್ಮದು ಮನೆಯೊಳಗೇ ಇರುವ ಬೆಕ್ಕು’ ಎನ್ನುವವರ ಗೋಡೆಯ ಮೇಲೆ ಹಲ್ಲಿಯಿಲ್ಲವೇ? ‘ಹುಳದ ಮಾತ್ರೆ ಹಾಕಿದ್ದೇವೆ’ ಎಂಬ ನೆಮ್ಮದಿಯೂ ಸುಳ್ಳು. ಹೊಟ್ಟೆಹುಳಕ್ಕೆಂದು ಕೊಡುವ ಪ್ರಾಜಿಕ್ವಾಂಟೆಲ್–ಪೈರಾಂಟೆಲ್ ಮಾತ್ರೆ ಈ ಶ್ವಾಸಕೋಶದ ಹುಳುವಿಗೆ ನಾಟುವುದಿಲ್ಲ. ಬೇಕಾದದ್ದು ಕೆಲವು ದಿನ ಸತತವಾಗಿ ಕೊಡುವ ಫೆನ್‌ಬೆಂಡಜೋಲ್, ಇಲ್ಲವೇ ಕತ್ತಿನ ಚರ್ಮಕ್ಕೆ ಹಾಕುವ ಮಾಕ್ಸಿಡೆಕ್ಟಿನ್‌ನಂಥ ಔಷಧ, ಅದೂ ಪಶುವೈದ್ಯರು ತೂಕ ನೋಡಿ ಹೇಳಿದಷ್ಟೇ.

ಪತ್ತೆಗೆ ಬೇರ್ಮನ್ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ತಾಜಾ ಮಲವನ್ನು ಬಟ್ಟೆಯಲ್ಲಿ ಕಟ್ಟಿ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ಇಟ್ಟರೆ ಮರಿಗಳು ಹೊರಬಂದು ತಳಕ್ಕಿಳಿಯುತ್ತವೆ. ದಿನವೂ ಅವು ಮಲದಲ್ಲಿ ಬೀಳುವುದಿಲ್ಲ. ಹಾಗಾಗಿ ಒಮ್ಮೆ ಸಿಗದಿದ್ದರೆ ಮತ್ತೆ ಮಾಡಿಸಬೇಕು.

ಆದರೆ ನಮ್ಮಲ್ಲಿ ಪರೀಕ್ಷೆಗಿಂತ ವಾಟ್ಸ್‌ಆ್ಯಪ್ ಮೇಲೆ ನಂಬಿಕೆ ಹೆಚ್ಚು. ಯಾರೋ ಕಳಿಸಿದರೆಂದು ಅರಿಸಿನ, ತುಪ್ಪ, ಕೊನೆಗೆ ಮನುಷ್ಯರ ಮಾತ್ರೆಯನ್ನೂ ಕೊಡುತ್ತಾರೆ. ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ‘ಕೂದಲು ತಾನೇ’ ಎಂದು ಕೆಮ್ಮಿನ ಸಂಗತಿಯನ್ನು ವೈದ್ಯರಿಗೆ ತಿಳಿಸದೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ಯುವುದಂತೂ ಬೇಡವೇ ಬೇಡ: ಈ ಹುಳು ತುಂಬಿದ ಶ್ವಾಸಕೋಶ ಅರಿವಳಿಕೆಯನ್ನು ತಾಳದೆ ಪ್ರಾಣ ಬಿಟ್ಟ ಎಳೆ ಬೆಕ್ಕುಗಳಿವೆ.