ಬಡತನದ ಲೆಕ್ಕವೂ ಬಡವರ ಗತಿಯೂ

ದೇಶದಲ್ಲಿ ನೂರಕ್ಕೆ ಎಷ್ಟು ಮಂದಿ ಬಡವರೆಂಬ ಲೆಕ್ಕವನ್ನು ಸರಕಾರದವರು ಆಗಾಗ ಪ್ರಕಟಿಸುತ್ತ ಬಂದಿರುವರು. ಅಂಕೆಯು ಇಳಿದರೆ ಹರ್ಷವೂ ಏರಿದರೆ ವಾಗ್ವಾದವೂ ಹುಟ್ಟುವುದು ವಾಡಿಕೆ. ಆದರೆ ಹಿಂದಿನ ಲೆಕ್ಕದಲ್ಲಿ ಬಡವಾಗಿದ್ದ ಕುಟುಂಬಗಳೇ ಇಂದಿಗೂ ಬಡವಾಗಿರುವುವೋ, ಅವು ಮೇಲೆದ್ದು ಬೇರೆ ಕುಟುಂಬಗಳು ಆ ಸ್ಥಾನಕ್ಕೆ ಜಾರಿರುವುವೋ ಎಂಬ ಪ್ರಶ್ನೆಗೆ ಆ ಅಂಕೆಯಲ್ಲಿ ಉತ್ತರವಿಲ್ಲ. ದಾರಿದ್ರ್ಯ ನಿವಾರಣೆಗೆ ಹೊರಟವರು ಮೊದಲು ಕೇಳತಕ್ಕ ಪ್ರಶ್ನೆ ಇದೇ ಎಂದು ನಾವು ಭಾವಿಸುತ್ತೇವೆ.

ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನ ಸಂಸ್ಥೆಯು ೧೯೭೫ರಿಂದ ಸೊಲ್ಲಾಪುರ, ಅಕೋಲಾ, ಮಹಬೂಬನಗರ ಜಿಲ್ಲೆಗಳ ಆರು ಗ್ರಾಮಗಳಲ್ಲಿ ಅವೇ ಮನೆಗಳ ಆದಾಯವನ್ನು ವರ್ಷವರ್ಷವೂ ಬರೆದಿರಿಸಿತು. ಮಳೆಯನ್ನೇ ನೆಚ್ಚಿದ ಆ ಸೀಮೆಯ ಒಂಬತ್ತು ವರ್ಷಗಳ ದಾಖಲೆಯನ್ನು ರಾಘವ ಗೈಹಾ, ಅನಿಲ್ ದೇವಳಾಲಿಕರ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೋಧಿಸಿದರು. ಒಂಬತ್ತು ವರ್ಷವೂ ಬಡವಾಗಿಯೇ ಇದ್ದ ಮನೆಗಳು ನೂರಕ್ಕೆ ಸುಮಾರು ೨೨. ಒಮ್ಮೆಯೂ ಬಡತನವನ್ನು ಕಾಣದವು ಸುಮಾರು ೧೨. ಉಳಿದ ೬೬ ಮನೆಗಳು ಕೆಲವು ವರ್ಷ ಬಡತನದ ಗೆರೆಯ ಮೇಲೆಯೂ ಕೆಲವು ವರ್ಷ ಕೆಳಗೂ ಇದ್ದವು.

ದೀರ್ಘಕಾಲದ ಗತಿಯೂ ಇದನ್ನೇ ಸಾರುವುದು. ಅನಿರುದ್ಧ ಕೃಷ್ಣರು ರಾಜಸ್ಥಾನದ ೩೫ ಗ್ರಾಮಗಳಲ್ಲಿ ೨೫ ವರ್ಷಗಳ ಸ್ಥಿತಿಗತಿಯನ್ನು ವಿಚಾರಿಸಲಾಗಿ, ನೂರರಲ್ಲಿ ಸುಮಾರು ೧೧ ಮನೆಗಳು ಬಡತನದಿಂದ ಪಾರಾಗಿದ್ದವು, ಸುಮಾರು ೮ ಮನೆಗಳು ಹೊಸದಾಗಿ ಅದಕ್ಕೆ ಸಿಕ್ಕಿದ್ದವು. ಒಟ್ಟು ಲೆಕ್ಕವನ್ನು ನೋಡುವವನಿಗೆ ಮೂರರ ಇಳಿತವೊಂದೇ ಕಾಣುವುದು. ಮುಳುಗಿದ ಎಂಟು ಮನೆಗಳು ಕಾಣಲಾರವು. ಬಿದ್ದವರನ್ನು ಕೆಡವಿದುದು ಬಹುಮಟ್ಟಿಗೆ ರೋಗ, ಚಿಕಿತ್ಸೆಯ ವೆಚ್ಚ, ಮದುವೆ ಮತ್ತು ಉತ್ತರಕ್ರಿಯೆಯ ಊಟಗಳ ಖರ್ಚು, ಇವುಗಳಿಗಾಗಿ ಮಾಡಿದ ದುಬಾರಿ ಬಡ್ಡಿಯ ಸಾಲ. ಎದ್ದವರಿಗೆ ಹೆಚ್ಚಾಗಿ ಆಸರೆಯಾದುದು ಬೇಸಾಯದ ಜೊತೆಗೆ ದೊರೆತ ಇನ್ನೊಂದು ಸಂಪಾದನೆ.

ಆದುದರಿಂದ ಒಂದೇ ಔಷಧವು ಎಲ್ಲರಿಗೂ ಸಲ್ಲದು. ನಿತ್ಯ ದರಿದ್ರರಿಗೆ ಭೂಮಿ, ವಿದ್ಯೆ, ನೆಲೆಯಾದ ಉದ್ಯೋಗ ಬೇಕು. ಜಾರುವ ಅಂಚಿನಲ್ಲಿರುವವರಿಗೆ ಸಕಾಲದಲ್ಲಿ ಸರಕಾರಿ ಆಸ್ಪತ್ರೆಯ ನೆರವು, ನ್ಯಾಯವಾದ ಬಡ್ಡಿಯ ಸಾಲ, ಬರಗಾಲದಲ್ಲಿ ಕೂಲಿ ಬೇಕು. ಕೇಳಿದವರಿಗೆ ಕೆಲಸ ಕೊಡುವ ಹೊಣೆಯನ್ನು ಮಹಾರಾಷ್ಟ್ರವು ೧೯೭೭ರ ಕಾಯಿದೆಯಿಂದ ವಹಿಸಿಕೊಂಡುದು ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ.

ಕೇಂದ್ರ ಸರಕಾರದ ಉದ್ಯೋಗ ಸಮೀಕ್ಷೆಯು ೨೦೧೭ರಿಂದ ಪಟ್ಟಣಗಳಲ್ಲಿಯೂ, ೨೦೨೫ರ ಜನವರಿಯಿಂದ ಹಳ್ಳಿಗಳಲ್ಲಿಯೂ ಅವೇ ಮನೆಗಳಿಗೆ ನಾಲ್ಕು ಬಾರಿ ಹೋಗಿ ವಿಚಾರಿಸುವ ಕ್ರಮವನ್ನು ಹಿಡಿದಿದೆ. ಇದು ಸ್ವಾಗತಾರ್ಹ. ಆದರೆ ಈಗ ಆ ನಾಲ್ಕು ಭೇಟಿಗಳು ನಾಲ್ಕು ತಿಂಗಳಲ್ಲಿಯೇ ಮುಗಿಯುವುವು. ಅಷ್ಟರಿಂದ ಒಂದು ಸಂಸಾರದ ಏಳುಬೀಳು ತಿಳಿಯದು. ಅದಕ್ಕೆ ವರ್ಷಗಳ ಲೆಕ್ಕ ಬೇಕು.

ಬಡವರ ಪಟ್ಟಿಯನ್ನು ಒಮ್ಮೆ ಬರೆದು ಕಟ್ಟಿಡುವ ಅಧಿಕಾರಿಗಳಿಗೆ ನಮ್ಮ ಬಿನ್ನಹವಿಷ್ಟೆ: ಪಟ್ಟಿಯಾದ ಮೇಲೆ ಬಿದ್ದವನೂ ಬಡವನೇ. ಅವನು ಮನೆಯ ಎತ್ತನ್ನು ಮಾರುವ ಮೊದಲೇ ನೆರವು ಅವನ ಬಾಗಿಲನ್ನು ಮುಟ್ಟಬೇಕು.