ಅಂಬೆಗಾಲಿನ ದಿನಗಳು ಮಗುವಿಗೆ ನೆನಪಿರುತ್ತವೆಯೇ?

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು. ಅಡಿಕೆ ಒಣಹಾಕಿದ ಅಂಗಳದಲ್ಲೆಲ್ಲ ಅಂಬೆಗಾಲಿಡುತ್ತಾಳೆ. ಮುಂದೆ ಅವಳಿಗೆ ಇದೆಲ್ಲ ನೆನಪಿರುತ್ತದೆಯೇ?
– ಓದುಗರು, ಮುಂಡಾಜೆ

ಉತ್ತರ: ಇರುವುದಿಲ್ಲ. ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಘಟನೆಗಳನ್ನು ನೆನಪಾಗಿ ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಈಗಿನ್ನೂ ಬಲಿಯುತ್ತಿರುತ್ತದೆ. ಕಂಡದ್ದನ್ನು ಕತೆಯಾಗಿಸಲು ಬೇಕಾದ ಮಾತೂ ಬಂದಿಲ್ಲ. ಆದರೆ ಎತ್ತಿಕೊಂಡ ತೋಳಿನ ಮೇಲಿನ ನಂಬಿಕೆ, ಮನೆಯಲ್ಲಿ ಕೇಳಿದ ತುಳುವಿನ, ಕನ್ನಡದ, ಚಿತ್ಪಾವನಿಯ ದನಿ ಅವಳಲ್ಲಿ ಬೇರೂರುತ್ತವೆ. ಅಂಗಳದ ಈ ದಿನಗಳು ಮಾತ್ರ ನಿಮ್ಮ ಪಾಲಿನವು. ಕೆಲಸ ಬಿಟ್ಟಾದರೂ ಕಣ್ತುಂಬ ನೋಡಿ. ಅವಳ ಮೊದಲ ಮಾತನ್ನು ತಾರೀಕು ಸಹಿತ ಬರೆದಿಡಿ. ಮಾತು ಕಲಿತ ಮೇಲೆ ಅಂದಂದಿನ ಸಂಗತಿಗಳನ್ನು ಅವಳೊಂದಿಗೆ ವಿವರವಾಗಿ ಮಾತಾಡಿ; ಹಾಗೆ ಮಾತಾಡುವ ಮನೆಯ ಮಕ್ಕಳಲ್ಲಿ ಬಾಲ್ಯದ ನೆನಪು ಹೆಚ್ಚು ಉಳಿಯುತ್ತದೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳನ್ನಂತೂ ಈಗಿಂದಲೇ ಹಾಡಿ ಕೇಳಿಸಬಹುದು.